ಮನೆಗೆ ಬೆಲೆ ಕಟ್ಟುವವರನ್ನು ಹುಡುಕೋದು ಹೇಗೆ?

ಕಳೆದ ವರ್ಷ ನಮ್ಮಪ್ಪ 50 ಲಕ್ಷಕ್ಕೆ ಒಂದು ಹಳೇ ಮನೆ ಮಾತಾಡಿ ಮುಂಗಡ ಕೊಟ್ಟೇಬಿಟ್ಟರು. 30ರಿಂದ 75 ಲಕ್ಷದ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಮನೆಯ ಮೌಲ್ಯದ 80%. ಅಂದ್ರೆ 40 ಲಕ್ಷ ಸಿಗುತ್ತೆ ಅನ್ನೋ ಲೆಕ್ಕ. ಬ್ಯಾಂಕು ಕಳಿಸಿದ ವ್ಯಾಲ್ಯುಯರ್ ಬಂದು ಮನೆಗೇ 40 ಲಕ್ಷ ಬೆಲೆ ಕಟ್ಟಿದರು. ಸಾಲ 32ಕ್ಕೆ ಇಳೀತು. ಕಡಿಮೆ ಬಿದ್ದ 8 ಲಕ್ಷಕ್ಕೆ ಅಮ್ಮನ ಒಡವೆ ಅಡವಿಗೆ ಹೋಯ್ತು.

ಶುಲ್ಕ ನಾವೇ ಕಟ್ಟಿದರೂ ಬ್ಯಾಂಕಿನ ವ್ಯಾಲ್ಯುಯರ್ ನೋಡೋದು ಬ್ಯಾಂಕಿನ ಹಿತವನ್ನೇ. ಅದಕ್ಕೇ ಮುಂಗಡಕ್ಕೂ ಮೊದಲು ನಮ್ಮ ಕಡೆಯಿಂದ ಒಬ್ಬರನ್ನು ಕರೆಸಬೇಕು. ಬ್ರೋಕರ್ ತೋರಿಸಿದವರಂತೂ ಬೇಡ, ವ್ಯವಹಾರ ಕುದುರಿದರೆ ತಾನೇ ಅವನಿಗೆ ಕಮಿಷನ್! ಐಬಿಬಿಐ ಜಾಲತಾಣದಲ್ಲಿ ನೋಂದಾಯಿತ ವ್ಯಾಲ್ಯುಯರ್‌ಗಳ ಪಟ್ಟಿ ಇದೆ. ‘ಭೂಮಿ ಮತ್ತು ಕಟ್ಟಡ’ ವಿಭಾಗದವರನ್ನೇ ಆರಿಸಿ. ಯಂತ್ರೋಪಕರಣದ ವಿಭಾಗ ಬೇರೆ. (ಸಿವಿಲ್‌ನವರೇ, ಪದವಿಯ ನಂತರ 5 ವರ್ಷ ಅನುಭವ, ತರಬೇತಿ, ಪರೀಕ್ಷೆ ಮುಗಿಸಿದರೆ ನೀವೂ ಆ ಪಟ್ಟಿಗೆ ಸೇರಬಹುದು.)

ಫೋನಿನಲ್ಲೇ ಕೇಳಿ: ಈ ಬಡಾವಣೆಯಲ್ಲಿ ಇತ್ತೀಚೆಗೆ ಮನೆ ನೋಡಿದ್ದೀರಾ? ಸೈಟಿಗೆ, ಕಟ್ಟಡಕ್ಕೆ ಬೇರೆ ಬೇರೆ ಲೆಕ್ಕ ತೋರಿಸ್ತೀರಾ? ಸವಕಳಿ ಹೇಗೆ ಕಳೀತೀರಾ? “ಮನೆಗೆ ಬರೋದೇನೂ ಬೇಡ, ಗೈಡೆನ್ಸ್ ವ್ಯಾಲ್ಯೂ ನೋಡಿ ಬರೆದುಕೊಡ್ತೀನಿ” ಅಂದ್ರೆ ಫೋನಿಟ್ಟುಬಿಡಿ. ಅದು ಮುದ್ರಾಂಕ ಶುಲ್ಕಕ್ಕೆ ಸರ್ಕಾರ ಇಟ್ಟ ದರ, ಮಾರುಕಟ್ಟೆ ಬೆಲೆಯಲ್ಲ.

ಅವರು ಬರುವ ದಿನ ಕ್ರಯಪತ್ರ, ಖಾತಾ, ಮಂಜೂರಾದ ನಕ್ಷೆ ಮೂರೂ ಕೈಯಲ್ಲಿರಲಿ. ನಮ್ಮ ಮನೆಯ ಬೆಲೆ ಇಳಿದಿದ್ದು ಆ ನಕ್ಷೆಯಿಂದಲೇ: ಮೇಲಿನ ಮಹಡಿ ಅದರಲ್ಲಿ ಇರಲೇ ಇಲ್ಲ.