ಕೊಯ್ತಾ ಮುರಿದದ್ದೇಕೆ? ಕುಲುಮೆ ಮುಂದೆ ಕಲಿತ ಪಾಠ

ಕಳೆದ ಹಂಗಾಮಿನಲ್ಲಿ ನಮ್ಮ ಹೊಲದಲ್ಲಿ ಕಬ್ಬು ಕಡಿಯುವಾಗ ಹೊಸ ಕೊಯ್ತಾ ಒಂದು ಕಲ್ಲಿಗೆ ತಾಗಿ ಎರಡು ತುಂಡಾಯ್ತು. ಸಿಡಿದ ಚೂರು ಕಡಿಯುವವನ ಕಾಲಿಗೆ ನಾಟಿತು. ಟನ್ ಲೆಕ್ಕದಲ್ಲಿ ದುಡಿಯುವವನಿಗೆ ನಾಲ್ಕು ದಿನದ ದುಡಿಮೆ ಹೋಯ್ತು. ಅದೇ ಸಂತೆಯಲ್ಲಿ ಕೊಂಡ ಇನ್ನೊಂದು ಕೊಯ್ತಾ ಮುರಿಯಲಿಲ್ಲ, ಆದರೆ ಮಧ್ಯಾಹ್ನದೊಳಗೆ ಬಾಯಿ ಮಡಚಿತು.

ಎರಡನ್ನೂ ನಮ್ಮೂರ ಕಂಬಾರರಿಗೆ ತೋರಿಸಿದೆ. "ಇದು ನೀರ ಭಾಳ ಕುಡದೈತ್ರಿ. ಅದು ಕುಡದೇ ಇಲ್ಲ" ಅಂದರು.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಬ್ಬಿರಲಿ, ನಿಪ್ಪಾಣಿಯ ತಂಬಾಕಿರಲಿ, ಕೊಯ್ತಾ, ಕುರ್ಪಿ, ಕುಂಟೆಯ ಕುಡ ಇಲ್ಲದೆ ನಡೆಯದು. ಇವುಗಳ ಆಯುಷ್ಯ ಇರುವುದು ಬೆಂಕಿ-ನೀರಿನ ಹದದಲ್ಲಿ.

ಮೊದಲು ಪಟ್ಟಿ ಯಾವುದು ಕೇಳಿ. ಕಿಟಕಿ, ಗೇಟಿಗೆ ಬಳಸುವ ಮೆದು ಉಕ್ಕಿನಲ್ಲಿ ಇಂಗಾಲ ಶೇ. 0.25ಕ್ಕಿಂತ ಕಡಿಮೆ. ಎಷ್ಟು ಸಲ ಕಾಯಿಸಿ ಅದ್ದಿದರೂ ಅದು ಗಡಸಾಗದು. ಲಾರಿಯ ಸ್ಪ್ರಿಂಗ್ ಪಾಟಾದಲ್ಲಿ ಶೇ. 0.5-0.6ರಷ್ಟಿರುತ್ತದೆ. ಸಾಣೆಗೆ ಹಿಡಿದರೆ ಗೊತ್ತಾಗುತ್ತದೆ: ಮೆದು ಉಕ್ಕಿನ ಕಿಡಿ ನೀಳ ಗೆರೆ, ಪಾಟಾದ ಕಿಡಿ ತುದಿಯಲ್ಲಿ ಹೂವಿನಂತೆ ಒಡೆಯುತ್ತದೆ.

ಕಾಯಿಸುವಾಗ ಅಯಸ್ಕಾಂತ ಇಟ್ಟು ನೋಡಿ. ಸುಮಾರು 770 ಡಿಗ್ರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದಕ್ಕಿಂತ ತುಸು ಹೆಚ್ಚು ಕಾಯಿಸಿ ಅದ್ದಬೇಕು. ಹಳದಿ-ಬಿಳಿ ಆಗುವಷ್ಟು ಕಾಯಿಸಿದರೆ ಉಕ್ಕಿನ ಕಣ ದಪ್ಪಗಾಗಿ ಪೆಡಸಾಗುತ್ತದೆ. ಕುಲುಮೆಯನ್ನು ನೆರಳಲ್ಲಿ ಕಟ್ಟಿರುವುದು ಸುಮ್ಮನಲ್ಲ, ಬಿಸಿಲಲ್ಲಿ ಕೆಂಪಿನ ಅಂದಾಜು ತಪ್ಪುತ್ತದೆ! ಪಾಟಾಕ್ಕೆ ತಣ್ಣೀರಿಗಿಂತ ಎಣ್ಣೆ ವಾಸಿ. ನೀರಿನಲ್ಲಿ ಬಿರುಕು ಬಿಡುವ ಭಯ ಹೆಚ್ಚು. ಎಣ್ಣೆ ಹೊತ್ತಿಕೊಂಡರೆ ಮುಚ್ಚಲು ತಗಡೊಂದು ಪಕ್ಕದಲ್ಲಿರಲಿ.

ಅದ್ದಿ ತೆಗೆದ ಕೊಯ್ತಾ ಗಾಜಿನಂತೆ. ಗಡಿಬಿಡಿಯಲ್ಲಿ ಬಿಟ್ಟುಹೋಗುವ ಕೆಲಸ ಇದರ ನಂತರದ್ದು, ಹದ ಇಳಿಸುವುದು. ಬಾಯಿಯನ್ನು ಇಟ್ಟಿಗೆ ಚೂರಿನಿಂದ ತಿಕ್ಕಿ ಹೊಳಪು ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಯಿಸಬೇಕು. ಬಣ್ಣ ಓಡುತ್ತ ಬರುತ್ತದೆ: 220-230 ಡಿಗ್ರಿಗೆ ಒಣಹುಲ್ಲಿನ ಹಳದಿ, 250ರ ಹೊತ್ತಿಗೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಕಲ್ಲಿಗೆ ತಾಗುವ ಕೊಯ್ತಾಕ್ಕೆ ಬಾಯಿ ನೇರಳೆ ದಾಟಿ ನೀಲಿಗೆ ತಿರುಗುವಾಗ ನಿಲ್ಲಿಸಬೇಕು. ನಮ್ಮ ಮುರಿದ ಕೊಯ್ತಾಕ್ಕೆ ಇದು ಆಗಿರಲೇ ಇಲ್ಲ.

ಕಂಬಾರ ಕೂಡಿಸಿದ ಹದವನ್ನು ನಾವೇ ಕೆಡಿಸುವುದೂ ಉಂಟು. ಹಿಡಿ ಮುರಿದಾಗ ಒಳಗಿನ ಕಟ್ಟಿಗೆ ಸುಡಲೆಂದು ಕೊಯ್ತಾವನ್ನೇ ಒಲೆಗಿಡುತ್ತೇವೆ. ರವದಿ ಸುಡುವಾಗ ಹೊಲದಲ್ಲೇ ಮರೆಯುತ್ತೇವೆ. (ರವದಿ ಸುಡುವುದೇ ತಪ್ಪು, ಆ ಮಾತು ಬೇರೆ.) ಕರೆಂಟ್ ಸಾಣೆಗೆ ಒತ್ತಿ ಹಿಡಿದು ಬಾಯಿ ನೀಲಿಯಿಂದ ಬೂದಿ ಬಣ್ಣಕ್ಕೆ ಹೋದರೆ ಅಷ್ಟು ಜಾಗ ಮೆತ್ತಗಾಯಿತೆಂದೇ ಲೆಕ್ಕ. ಕ್ಷಣಕ್ಷಣಕ್ಕೂ ನೀರಿಗದ್ದುತ್ತ ಸಾಣೆ ಹಿಡಿಯಿರಿ.

ಮುರಿದ ಕೊಯ್ತಾದಲ್ಲಿ ಕಂಬಾರರು ಎರಡು ಕುರ್ಪಿ ಮಾಡಿಕೊಟ್ಟರು, ಹದ ಇಳಿಸಿ. ಬಾಯಿ ಮಡಚಿದ್ದು ಮೆದು ಉಕ್ಕು, ಗುಜರಿಗೆ ಹೋಯಿತು.