ಅರಳುಮರಳಿನ ಆರೈಕೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಕನ್ನಡಿಗರ ಮನೆಮನೆಯಲ್ಲಿಯೂ ಬಳಕೆಯಲ್ಲಿದೆ. ವಯಸ್ಸಾದವರು ಕನ್ನಡಕಕ್ಕಾಗಿ ತಡಕಾಡಿದಾಗ ಮನೆಯವರು ಈ ಮಾತನ್ನಾಡಿ ನಗುವುದುಂಟು. ಆದರೆ ಕನ್ನಡಕವನ್ನಿಟ್ಟ ಜಾಗವನ್ನು ಮರೆಯುವುದು ಬೇರೆ. ಕನ್ನಡಕವೆಂದರೇನೆಂಬುದನ್ನೇ ಮರೆಯುವುದು ಬೇರೆ. ಮೊದಲನೆಯದು ಮುಪ್ಪಿನ ಸಹಜಗುಣ, ಎರಡನೆಯದು ಕಾಯಿಲೆ. 1906ರಲ್ಲಿ ಜರ್ಮನಿಯ ವೈದ್ಯರಾದ ಅಲೋಯಿಸ್ ಆಲ್ಜೈಮರ್ ಅವರು ಇಂತಹ ರೋಗಿಯೊಬ್ಬಳ ಮೆದುಳಿನಲ್ಲಿ ಕಂಡ ವಿಕಾರಗಳನ್ನು ವೈದ್ಯರ ಸಭೆಯ ಮುಂದಿಟ್ಟರು. ಅವರ ಹೆಸರಿನ ಆ ಕಾಯಿಲೆಯನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಆದಕಾರಣ ಇಲ್ಲಿ ಆರೈಕೆಯೇ ಮುಖ್ಯ. ಆ ಆರೈಕೆ ನಡೆಯಬೇಕಾದುದು ಮನೆಯಲ್ಲಿಯೋ, ಅದಕ್ಕೆಂದೇ ಏರ್ಪಟ್ಟ ಕೇಂದ್ರದಲ್ಲಿಯೋ?

ಅಜ್ಜಂಪುರ ತಾಲ್ಲೂಕಿನ ಶಿವನಿಯಲ್ಲಿ ಒಂದು ರೈತಕುಟುಂಬವನ್ನು ಊಹಿಸಿಕೊಳ್ಳಬಹುದು. ಹಿರಿಯ ಮಗ ಅಡಕೆತೋಟ ನೋಡಿಕೊಂಡು ಊರಿನಲ್ಲಿದ್ದಾನೆ. ಕಿರಿಯವನು ಬೆಂಗಳೂರಿನಲ್ಲಿ ಉದ್ಯೋಗಿ. ಎಪ್ಪತ್ತೈದು ದಾಟಿದ ತಾಯಿ ಬೆಳಗ್ಗೆ ಉಂಡುದನ್ನು ಮಧ್ಯಾಹ್ನಕ್ಕೆ ಮರೆಯುತ್ತಾಳೆ. ಸಂಜೆಯಾದೊಡನೆ ಸೀರೆಯ ಸೆರಗು ಬಿಗಿದುಕೊಂಡು, “ಹೊತ್ತಾಯಿತು, ನನ್ನನ್ನು ತವರಿಗೆ ಕಳಿಸವ್ವ” ಎಂದು ಸೊಸೆಯನ್ನು ಬೇಡುತ್ತಾಳೆ. ಒಂದು ರಾತ್ರಿ ಬಾಗಿಲು ತೆರೆದು ಹೊರಟವಳು ರೈಲುಹಳಿಯ ಬಳಿ ಸಿಕ್ಕಿದಳು.

ಕಿರಿಯ ಮಗ ಕೇಂದ್ರಕ್ಕೆ ಸೇರಿಸೋಣವೆಂದನು. “ಹೆತ್ತವಳನ್ನು ಹೊರಗೆ ಹಾಕಿದರೆಂದು ಊರು ಆಡಿಕೊಳ್ಳುವುದಿಲ್ಲವೇ?” ಎಂದನು ಹಿರಿಯ. ಎರಡು ವರ್ಷಗಳಿಂದ ಅತ್ತೆಗೆ ಸ್ನಾನ ಮಾಡಿಸಿ, ತುತ್ತು ತಿನ್ನಿಸಿ, ರಾತ್ರಿ ಎಚ್ಚರವಾಗಿರುತ್ತಿದ್ದ ಸೊಸೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಅಳಿಯುವುದು ಇತ್ತೀಚಿನ ನೆನಪು. ಹಳೆಯದು ಬಹುಕಾಲ ಉಳಿಯುತ್ತದೆ. ಹಿತ್ತಿಲು, ದೇವರ ಕೋಣೆ, ಪರಿಚಿತ ದನಿಗಳು ರೋಗಿಗೆ ಧೈರ್ಯ ಕೊಡುತ್ತವೆ. ಇದು ಮನೆಯ ಪರವಾದ ಪ್ರಬಲ ವಾದ. ಆದರೆ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ. ಕಾರ್ಖಾನೆಯಲ್ಲಾದರೆ ಅದು ಮೂರು ಪಾಳಿಯ ಕೆಲಸ. ಸಂಬಳಕ್ಕೆ ಬರುವ ಹೋಂ ನರ್ಸ್ ಕೂಡ ನಿದ್ರಿಸಲೇಬೇಕು. ಇಬ್ಬರನ್ನಿಟ್ಟುಕೊಂಡರೆ ಖರ್ಚು ಇಮ್ಮಡಿ. ಹಳ್ಳಿಗೆ ಬಂದು ನಿಲ್ಲುವ ತರಬೇತಿ ಪಡೆದವರು ದೊರೆಯುವುದೂ ಸುಲಭವಲ್ಲ.

ಕೇಂದ್ರದಲ್ಲಿ ಪಾಳಿಯ ಪ್ರಕಾರ ದಾದಿಯರಿರುತ್ತಾರೆ. ರೋಗಿ ದಾರಿತಪ್ಪದಂತೆ ಕಾವಲಿರುತ್ತದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಬೆಂಗಳೂರಿನ ಕಸ್ತೂರಿನಗರದಲ್ಲಿ 2010ರಲ್ಲಿ ತೆರೆದ ಕೇಂದ್ರ ಇಂತಹುದು. ಆದರೆ ಶಿವನಿಯಿಂದ ಬೆಂಗಳೂರು ಇನ್ನೂರು ಕಿಲೋಮೀಟರಿಗೂ ದೂರ. ಹೊಸ ಗೋಡೆ, ಹೊಸ ಮುಖಗಳ ನಡುವೆ ರೋಗಿಯ ಗಲಿಬಿಲಿ ಮೊದಲಲ್ಲಿ ಹೆಚ್ಚಬಹುದು. ಮಕ್ಕಳು ಬಂದು ನೋಡದಿದ್ದರೆ ಆರೈಕೆ ದೊರೆತರೂ ಆಸರೆ ದೊರೆಯದು.

ಯಾವ ತೀರ್ಮಾನಕ್ಕೂ ಮೊದಲು ವೈದ್ಯಪರೀಕ್ಷೆ ಅವಶ್ಯಕ. ಥೈರಾಯ್ಡ್ ಗ್ರಂಥಿಯ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಉಂಟಾಗುತ್ತದೆ. ಚಿಕಿತ್ಸೆಯಿಂದ ಅದು ಕಡಿಮೆಯಾಗುವುದುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ಪರೀಕ್ಷೆಗೆ ವ್ಯವಸ್ಥೆಯಿದೆ. 2007ರ ಕಾಯಿದೆಯ ಪ್ರಕಾರ ಹಿರಿಯರನ್ನು ಪಾಲಿಸಬೇಕಾದವರು ಅವರನ್ನು ತೊರೆದುಬಿಡುವುದು ಶಿಕ್ಷಾರ್ಹ ಅಪರಾಧ. ಆದರೆ ಎಲ್ಲ ವಿಚಾರಮಾಡಿ ಕೇಂದ್ರಕ್ಕೆ ಸೇರಿಸಿ, ವಾರವಾರವೂ ಹೋಗಿ ಕೈಹಿಡಿದು ಕೂರುವುದು ತೊರೆಯುವುದಲ್ಲ. ಮನೆಯಲ್ಲೇ ಇರಿಸಿಕೊಂಡು, ಕೋಣೆಗೆ ಚಿಲಕ ಹಾಕಿ ಮಾತನಾಡಿಸದಿರುವುದು ಪಾಲನೆಯೂ ಅಲ್ಲ.

ಕೊನೆಗೆ ಸಹೋದರರು ಸೊಸೆಯನ್ನು ಕೇಳಿದರು. ಆಕೆ ಹೇಳಿದುದಿಷ್ಟು: “ಅತ್ತೆಯವರು ಇಲ್ಲೇ ಇರಲಿ. ಆದರೆ ನನಗೆ ರಾತ್ರಿ ನಿದ್ರೆ ಬೇಕು.” ಅದರಂತೆ ರಾತ್ರಿಗೊಬ್ಬ ಹೋಂ ನರ್ಸ್ ಬಂದಳು, ಸಂಬಳ ಕಿರಿಯನದು. ತಿಂಗಳಿಗೆ ಕೆಲವು ದಿನ ಅವನೇ ಬಂದು ತಾಯಿಯ ಬಳಿ ಇರುವುದೆಂದು ನಿಶ್ಚಯವಾಯಿತು. ತಾಯಿಗೆ ಅಪಾಯ ಮೀರಿದರೆ, ಇಲ್ಲವೇ ಸೊಸೆಯ ಆರೋಗ್ಯ ಕೆಟ್ಟರೆ, ಹಿಂಜರಿಯದೆ ಕೇಂದ್ರಕ್ಕೆ ಸೇರಿಸುವುದೆಂದೂ ಒಪ್ಪಿದರು.

ಈಗಲೂ ಸಂಜೆ ಮುದುಕಿ ತವರಿಗೆ ಹೊರಡುತ್ತಾಳೆ. ಸೊಸೆ “ಇದೇ ನಿಮ್ಮ ಮನೆ” ಎಂದು ವಾದಿಸುವುದಿಲ್ಲ. ಕೈಹಿಡಿದು ತೋಟದ ಬದುವಿನವರೆಗೆ ನಡೆಸಿ, ತವರಿನ ಸುದ್ದಿ ಕೇಳುತ್ತಾ ಮರಳಿ ಕರೆತರುತ್ತಾಳೆ. ಸೊಸೆಯ ಹೆಸರು ಅತ್ತೆಗೆ ಮರೆತುಹೋಗಿದೆ. ಆ ಕೈಯ ಗುರುತು ಇನ್ನೂ ಮರೆತಿಲ್ಲ.