ಅನರ್ಥದಂಡವ್ರತವೂ ಮನೆಯ ದೀಪವೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅಣುವ್ರತಗಳು ಐದು, ಗುಣವ್ರತಗಳು ಮೂರು, ಶಿಕ್ಷಾವ್ರತಗಳು ನಾಲ್ಕು. ದಿಗ್ವ್ರತ, ಅನರ್ಥದಂಡವ್ರತ, ಭೋಗೋಪಭೋಗ ಪರಿಮಾಣವ್ರತ ಎಂಬಿವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗುಣವ್ರತಗಳೆಂದು ಹೇಳಿದ್ದಾರೆ. ಇವುಗಳಲ್ಲಿ ಎರಡನೆಯದನ್ನು ಇಂದಿನ ಗೃಹಜೀವನಕ್ಕೆ ಅನ್ವಯಿಸಿ ನೋಡುವುದು ಈ ಪಾಠದ ಉದ್ದೇಶ.

ಅರ್ಥವೆಂದರೆ ಪ್ರಯೋಜನ. ಪ್ರಯೋಜನವಿಲ್ಲದೆ ಮನ, ವಚನ, ಕಾಯಗಳಿಂದ ಜೀವಗಳಿಗೆ ಉಂಟುಮಾಡುವ ಬಾಧೆಯೇ ಅನರ್ಥದಂಡ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅದು ಐದು ಬಗೆ. ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಾಳಿಯನ್ನು ಬೀಸುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು ಇವೆಲ್ಲ ಪ್ರಮಾದಚರ್ಯೆ ಎನಿಸುತ್ತವೆ. ಗೃಹಸ್ಥನು ಆರಂಭವನ್ನು ಪೂರ್ಣವಾಗಿ ಬಿಡಲಾರನು. ಅಡುಗೆಗೆ ಒಲೆ ಬೇಕು, ಓದಿಗೆ ದೀಪ ಬೇಕು. ಅಗತ್ಯವಾದುದಕ್ಕೆ ಮೇರೆಯನ್ನು ಹಾಕಿಕೊಂಡು, ಅಗತ್ಯವಿಲ್ಲದುದನ್ನು ಬಿಡುವುದೇ ಅವನಿಗೆ ವಿಧಿಸಿದ ಮಾರ್ಗ.

ಇನ್ನು ದೀಪದ ವಿಚಾರ. ಹಳೆಯ ಮಾದರಿಯ ವಿದ್ಯುದ್ದೀಪದಲ್ಲಿ ಟಂಗ್‌ಸ್ಟನ್ ಲೋಹದ ಸಣ್ಣ ತಂತಿಯೊಂದು ಕೆಂಡಕ್ಕಿಂತಲೂ ಹೆಚ್ಚಾಗಿ ಕಾದು ಬೆಳಗುತ್ತದೆ. ಅದು ಬಳಸುವ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ಪಾಲು ಬರಿಯ ಶಾಖವಾಗಿ ಹೋಗುತ್ತದೆ. ಬೆಳಕಾಗಿ ದೊರೆಯುವುದು ಸ್ವಲ್ಪ ಮಾತ್ರ. ಎಲ್.ಇ.ಡಿ. ದೀಪದಲ್ಲಿ ಕಾಯುವ ತಂತಿಯಿಲ್ಲ. ಅರೆವಾಹಕವೆಂಬ ವಸ್ತುವಿನಲ್ಲಿ ವಿದ್ಯುತ್ತು ಹರಿದಾಗ ಅದು ನೇರವಾಗಿ ಬೆಳಕನ್ನು ಸೂಸುತ್ತದೆ. ನೀಲಿ ಬೆಳಕಿನ ಎಲ್.ಇ.ಡಿ.ಯನ್ನು ಸಾಧಿಸಿ ಬಿಳಿಯ ದೀಪಕ್ಕೆ ದಾರಿ ಮಾಡಿದ ಅಕಸಾಕಿ, ಅಮಾನೊ, ನಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಆರಂಭಿಸಿ, ಮುಂದೆ 'ಉಜಾಲಾ' ಎಂದು ಹೆಸರಾದ ಯೋಜನೆಯಿಂದ ಈ ದೀಪಗಳು ಸಾಮಾನ್ಯರ ಕೈಗೆಟಕುವ ಬೆಲೆಗೆ ಬಂದವು. ಕರ್ನಾಟಕದಲ್ಲಿ ಇದು 'ಹೊಸ ಬೆಳಕು' ಎಂಬ ಹೆಸರಿನಿಂದ ನಡೆಯಿತು.

60 ವಾಟ್‌ನ ಹಳೆಯ ಬಲ್ಬು ಕೊಡುವಷ್ಟು ಬೆಳಕನ್ನು 9 ವಾಟ್‌ನ ಎಲ್.ಇ.ಡಿ. ಬಲ್ಬು ಕೊಡುತ್ತದೆ. ದಿನಕ್ಕೆ 5 ಗಂಟೆ ಉರಿದರೆ 30 ದಿನಗಳಲ್ಲಿ ಹಳೆಯದಕ್ಕೆ 9 ಯೂನಿಟ್ ಬೇಕು, ಹೊಸದಕ್ಕೆ 1.35 ಯೂನಿಟ್ ಸಾಕು. ಇಂಥ ನಾಲ್ಕು ದೀಪಗಳಿರುವ ಮನೆಯಲ್ಲಿ 36 ಯೂನಿಟ್ ಇದ್ದುದು 5.4ಕ್ಕೆ ಇಳಿಯುತ್ತದೆ. ಹಳೆಯ ಬಲ್ಬಿನ ಆಯುಷ್ಯ ಸುಮಾರು 1,000 ಗಂಟೆ, ಒಳ್ಳೆಯ ಎಲ್.ಇ.ಡಿ. ಬಲ್ಬಿನದು 15,000 ಗಂಟೆಗೆ ಕಡಿಮೆಯಿಲ್ಲ.

ಉಳಿದ ಯೂನಿಟ್ಟನ್ನು ಹಣವೆಂದು ಮಾತ್ರ ಎಣಿಸಬಾರದು. ರಾಯಚೂರು, ಬಳ್ಳಾರಿಯಂಥ ಶಾಖೋತ್ಪನ್ನ ಕೇಂದ್ರಗಳಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಅರ್ಧ ಕಿಲೋಗ್ರಾಮಿಗಿಂತ ಹೆಚ್ಚು ಕಲ್ಲಿದ್ದಲು ಉರಿಯಬೇಕು. ಅದಕ್ಕಾಗಿ ನೆಲವನ್ನು ಅಗೆಯುತ್ತಾರೆ, ಕಾಡನ್ನು ಕಡಿಯುತ್ತಾರೆ, ನೀರನ್ನು ಕಾಯಿಸುತ್ತಾರೆ, ಹೊಗೆಯನ್ನು ಗಾಳಿಗೆ ಬಿಡುತ್ತಾರೆ. ಪೃಥ್ವಿ, ಅಪ್, ತೇಜ, ವಾಯು, ವನಸ್ಪತಿ ಎಂಬ ಐದು ಸ್ಥಾವರಕಾಯಗಳಿಗೂ ಬಾಧೆ ತಟ್ಟುತ್ತದೆ. ಸ್ವಿಚ್ಚನ್ನು ಒತ್ತುವವನ ಕಣ್ಣಿಗೆ ಇದೊಂದೂ ಕಾಣುವುದಿಲ್ಲ. ಕಾಣದಿರುವುದರಿಂದಲೇ ಇಲ್ಲಿ ವಿವೇಕವು ಹೆಚ್ಚು ಬೇಕು.

ಈ ವಿಷಯದಲ್ಲಿ ಏಳಬಹುದಾದ ಕೆಲವು ಶಂಕೆಗಳನ್ನು ವಿಚಾರಿಸೋಣ.

ಶಂಕೆ: 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಮಿತಿಯೊಳಗಿನ ಬಳಕೆಗೆ ಬಿಲ್ಲೇ ಇಲ್ಲ. ಹೀಗಿರಲು ದೀಪವನ್ನು ಬದಲಿಸಿ ಫಲವೇನು?

ಸಮಾಧಾನ: ಬಿಲ್ಲು ಬಾರದಿದ್ದರೂ ಕಲ್ಲಿದ್ದಲು ಉರಿಯುವುದು ನಿಲ್ಲುವುದಿಲ್ಲ. ಹಣಕ್ಕೆ ಹೆದರಿ ದೀಪ ಆರಿಸುವುದು ಮಿತವ್ಯಯ. ಜೀವದಯೆಯಿಂದ ಆರಿಸುವುದು ವ್ರತ. ಬೆಲೆಯಿಲ್ಲದೆ ದೊರೆತ ವಸ್ತುವಿನಲ್ಲಿಯೂ ಮಿತಿಯನ್ನು ಕಾಯುವವನ ವ್ರತವೇ ದೃಢವಾದುದು.

ಶಂಕೆ: ಹೊಸ ದೀಪಕ್ಕೆ ವಿದ್ಯುತ್ತು ಅಷ್ಟು ಕಡಿಮೆ ಸಾಕಾದರೆ, ಅದು ಉರಿಯುತ್ತಿದ್ದರೆ ದೋಷವೇನು?

ಸಮಾಧಾನ: 9 ವಾಟ್‌ನ ದೀಪವು ಹಗಲಿರುಳು ಉರಿದರೆ, 60 ವಾಟ್‌ನ ಹಳೆಯ ದೀಪವು ಮೂರೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಉರಿದಷ್ಟೇ ಖರ್ಚಾಗುತ್ತದೆ. ಸಂಜೆ ಅಷ್ಟೇ ಹೊತ್ತು ದೀಪವನ್ನು ಬಳಸುತ್ತಿದ್ದ ಮನೆಯವರು, ಹೊಸದನ್ನು ತಂದು ಆರಿಸದೆ ಬಿಟ್ಟರೆ ಉಳಿಸಿದ್ದು ಏನೂ ಇಲ್ಲ. ದೀಪ ಬದಲಾಗಿ ಪ್ರಮಾದವು ಹಾಗೆಯೇ ಉಳಿದರೆ ಅನರ್ಥದಂಡವೂ ಉಳಿಯಿತು.

ಶಂಕೆ: ಹಗಲಿನಂತೆ ಬೆಳಗುವ ದೀಪವಿರಲು ಸೂರ್ಯಾಸ್ತದ ಅನಂತರ ಉಂಡರೆ ತಪ್ಪೇ?

ಸಮಾಧಾನ: ಇದಕ್ಕೆ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿಯೇ ಉತ್ತರ ಕೊಟ್ಟಿದ್ದಾರೆ. ದೀಪವನ್ನು ಹಚ್ಚಿಕೊಂಡರೂ ಆಹಾರದಲ್ಲಿ ಸೇರುವ ಸೂಕ್ಷ್ಮಜಂತುಗಳ ಹಿಂಸೆಯನ್ನು ಪರಿಹರಿಸಲಾಗದೆಂಬುದು ಅವರ ಅಭಿಪ್ರಾಯ. ಬೆಳಕು ಕೀಟಗಳನ್ನು ಸೆಳೆಯುತ್ತದೆ. ದೀಪದ ಬಗೆ ಬದಲಾದರೂ ಆ ಸೆಳೆತವು ಪೂರ್ತಿ ತಪ್ಪದು. ಆದುದರಿಂದ ರಾತ್ರಿಭೋಜನತ್ಯಾಗಕ್ಕೆ ಯಾವ ದೀಪವೂ ವಿನಾಯಿತಿಯಾಗದು.

ಶಂಕೆ: ಉರಿಯುತ್ತಿರುವ ಹಳೆಯ ಬಲ್ಬುಗಳನ್ನು ಎಸೆಯಬೇಕೆ?

ಸಮಾಧಾನ: ಹೆಚ್ಚು ಹೊತ್ತು ಉರಿಯುವ ನಡುಮನೆ, ಅಡುಗೆಮನೆ, ಓದುವ ಕೋಣೆಗಳಲ್ಲಿ ಕೂಡಲೇ ಬದಲಿಸುವುದು ಲೇಸು. ದಿನಕ್ಕೆ ನಾಲ್ಕು ನಿಮಿಷ ಉರಿಯುವ ಉಗ್ರಾಣದ ಬಲ್ಬು ತಾನಾಗಿ ಕೆಡುವವರೆಗೆ ಇರಲಿ. ಸಿ.ಎಫ್.ಎಲ್. ದೀಪಗಳ ಮಾತು ಬೇರೆ. ಅವುಗಳಲ್ಲಿ ಕೆಲವು ಮಿಲಿಗ್ರಾಮಿನಷ್ಟು ಪಾದರಸವಿರುವುದರಿಂದ ಕೆಟ್ಟುಹೋದವನ್ನು ಕಸದ ತೊಟ್ಟಿಗೆ ಹಾಕದೆ, ವಿದ್ಯುನ್ಮಾನ ತ್ಯಾಜ್ಯವನ್ನು ಸ್ವೀಕರಿಸುವವರಿಗೆ ಒಪ್ಪಿಸಬೇಕು. ಒಡೆದರೆ ಕಿಟಕಿಗಳನ್ನು ತೆರೆದು, ಪೊರಕೆಯಿಂದ ಗುಡಿಸದೆ, ಗಟ್ಟಿ ಕಾಗದದಿಂದ ಚೂರುಗಳನ್ನು ಎತ್ತಿ ಮುಚ್ಚಳವುಳ್ಳ ಡಬ್ಬಿಯಲ್ಲಿಡಬೇಕು.

ಕೊಳ್ಳುವಾಗ ವಾಟ್ ಒಂದನ್ನೇ ನೋಡದೆ, ಬೆಳಕಿನ ಅಳತೆಯಾದ ಲ್ಯೂಮೆನ್ ಸಂಖ್ಯೆಯನ್ನೂ ನಕ್ಷತ್ರದ ಗುರುತನ್ನೂ ನೋಡಬೇಕು. 60 ವಾಟ್‌ನ ಹಳೆಯ ಬಲ್ಬಿಗೆ ಸಮನಾಗಲು ಸುಮಾರು 800 ಲ್ಯೂಮೆನ್ ಸಾಕು. ಜಗಲಿಗೂ ಹೊರಬಾಗಿಲಿಗೂ ನೀಲಿಛಾಯೆಯ ಬಿಳಿ ದೀಪಕ್ಕಿಂತ ಹಳದಿಛಾಯೆಯ ದೀಪವು ಉತ್ತಮ. ಅದಕ್ಕೆ ಮುತ್ತುವ ಕೀಟಗಳು ಕಡಿಮೆ. ಮಳೆಗಾಲದಲ್ಲಿ ಇದು ಮುಖ್ಯವಾಗಿ ನೆನಪಿಡತಕ್ಕ ಅಂಶ.

ಕಾಲದ ಅವಧಿಯಿಟ್ಟು ಕೈಕೊಳ್ಳುವ ತ್ಯಾಗ ನಿಯಮ. ಜೀವವಿರುವವರೆಗೆ ಕೈಕೊಳ್ಳುವುದು ಯಮ. ಮೊದಲು ನಿಯಮದಿಂದ ತೊಡಗುವುದು ಸುಲಭ. ಚಾತುರ್ಮಾಸದ ನಾಲ್ಕು ತಿಂಗಳಿಗೆ ಮನೆಮಂದಿಯೆಲ್ಲ ಸೇರಿ ಈ ಮೂರನ್ನು ಸ್ವೀಕರಿಸಬಹುದು: ಯಾರೂ ಇಲ್ಲದ ಕೋಣೆಯಲ್ಲಿ ದೀಪವನ್ನು ಉರಿಸದಿರುವುದು, ರಾತ್ರಿ ಏಕಕಾಲಕ್ಕೆ ಉರಿಯುವ ದೀಪಗಳ ಸಂಖ್ಯೆಯನ್ನು ನಿಶ್ಚಯಿಸಿಕೊಳ್ಳುವುದು, ಹೊರಗಿನ ದೀಪವನ್ನು ಮಲಗುವ ಮುನ್ನ ಆರಿಸುವುದು. ವೃದ್ಧರೂ ರೋಗಿಗಳೂ ಇರುವ ಮನೆಯಲ್ಲಿ ಅವರ ಹಾದಿಗೆ ಬೇಕಾದ ಸಣ್ಣ ದೀಪವು ಪ್ರಯೋಜನವುಳ್ಳದ್ದೇ ಆದುದರಿಂದ ಅದನ್ನು ಲೆಕ್ಕದಲ್ಲಿ ಸೇರಿಸಿಕೊಂಡೇ ಸಂಖ್ಯೆಯನ್ನು ಕಟ್ಟಬೇಕು. ಪ್ರತಿ ತಿಂಗಳ ಬಿಲ್ಲಿನಲ್ಲಿ ಯೂನಿಟ್ ಎಷ್ಟೆಂದು ಮಕ್ಕಳಿಂದ ಬರೆಯಿಸಿಟ್ಟರೆ, ವ್ರತವೆಂಬುದು ಬಸದಿಯಲ್ಲಿ ಕೇಳುವ ಮಾತು ಮಾತ್ರವಲ್ಲ, ಮನೆಯಲ್ಲಿ ನಡೆಯುವ ಆಚಾರವೆಂಬುದು ಅವರಿಗೂ ತಿಳಿಯುತ್ತದೆ.